ಕೌಂಟಿ ಕೋರ್ಟಿನ ಕೇಸು ಕಾಗದ ನಾವೇ ನೋಡುವುದು ಹೇಗೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಅಡುಗೆಮನೆ ಕೆಡವಿ ಹೊಸದಾಗಿ ಮಾಡಿಸಲು ಒಬ್ಬ ಕಾಂಟ್ರ್ಯಾಕ್ಟರನ್ನು ಗೊತ್ತು ಮಾಡಿದ್ದೇವೆ. ಅವರ ಮೇಲೆ ಹಿಂದೆ ಯಾರೋ ಕೇಸು ಹಾಕಿದ್ದರು ಎಂದು ಪಕ್ಕದ ಮನೆಯವರು ಹೇಳಿದರು. ಇಂಟರ್ನೆಟ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ಸೈಟುಗಳೇ ಬರುತ್ತವೆ. ನಮ್ಮ ಸಾಂಟಾ ಕ್ಲಾರಾ ಕೌಂಟಿ (ಜಿಲ್ಲೆ) ಕೋರ್ಟಿನ ದಾಖಲೆಯನ್ನು ನಾವೇ ನೋಡಬಹುದೇ? ಇನ್ನೊಂದು ವಿಷಯ: 2013ರಲ್ಲಿ ನಮ್ಮ ಭಾವನ ಮೇಲೆ ಇಲ್ಲೇ ಒಂದು ಸಣ್ಣ ಕ್ರಿಮಿನಲ್ ಕೇಸಾಗಿ ಕೊನೆಗೆ ವಜಾ ಆಗಿತ್ತು. ಈಗ ಅವರು ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದಾರೆ. ಆ ಕೇಸಿನ ಕಾಗದ ಬೇಕಂತೆ, ಅವರ ಹತ್ತಿರ ಒಂದು ಚೀಟಿಯೂ ಉಳಿದಿಲ್ಲ. ಏನು ಮಾಡುವುದು?

ಉತ್ತರ: ಧಾರಾಳವಾಗಿ ನೋಡಬಹುದು. ವಕೀಲರನ್ನು ಇಟ್ಟುಕೊಳ್ಳಬೇಕಾಗಿಲ್ಲ, ನೀವು ಆ ಕೇಸಿನ ಕಕ್ಷಿದಾರರಾಗಿರಬೇಕಾಗಿಯೂ ಇಲ್ಲ. ನಮ್ಮೂರಿನ ಕೋರ್ಟುಗಳಲ್ಲಿ ಮೂರನೆಯವರು ನಕಲು ಕೇಳಿದರೆ ಯಾಕೆ ಬೇಕೆಂದು ಕಾರಣ ಬರೆದು ಅರ್ಜಿ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಕೋರ್ಟಿನ ಕಡತ ಎಲ್ಲರಿಗೂ ತೆರೆದಿರುತ್ತದೆ ಎಂಬುದೇ ಇಲ್ಲಿನ ಮೂಲ ನಿಯಮ. ಮುಚ್ಚಿಡಬೇಕೆಂದರೆ ಒಂದೋ ಕಾನೂನು ಹಾಗೆ ಹೇಳಿರಬೇಕು, ಇಲ್ಲವೇ ನ್ಯಾಯಾಧೀಶರು ಕಾರಣ ದಾಖಲಿಸಿ ಆದೇಶ ಮಾಡಿರಬೇಕು. ಎರಡೂ ಕಡೆಯವರು ಒಪ್ಪಿದರೂ ಅಷ್ಟರಿಂದಲೇ ಕಡತಕ್ಕೆ ಬೀಗ ಬೀಳುವುದಿಲ್ಲ. ಈ ನಿಯಮ ಗಟ್ಟಿಯಾಗಲು ಕಾರಣ 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು. ನಟ ಕ್ಲಿಂಟ್ ಈಸ್ಟ್‌ವುಡ್ ವಿರುದ್ಧ ಸಾಂಡ್ರಾ ಲಾಕ್ ಹೂಡಿದ್ದ ದಾವೆಯ ವಿಚಾರಣೆಯಲ್ಲಿ ಕೆಲವು ಕಲಾಪಗಳಿಂದ ಪತ್ರಕರ್ತರನ್ನು ಹೊರಗಿಟ್ಟಿದ್ದರು. ಅದು ಸರಿಯಲ್ಲ, ಸಿವಿಲ್ ಕೇಸಿನ ವಿಚಾರಣೆಯೂ ಜನರೆದುರೇ ನಡೆಯಬೇಕು ಎಂದು ಕೋರ್ಟು ಹೇಳಿತು. ಕಡತಗಳನ್ನು ಸೀಲ್ ಮಾಡುವ ಇಂದಿನ ನಿಯಮಗಳು ಆ ತೀರ್ಪನ್ನೇ ಆಧರಿಸಿವೆ.

ದುಡ್ಡು ಕೇಳುವ ಸೈಟುಗಳನ್ನು ಬಿಟ್ಟುಬಿಡಿ. ಅವು ಬೇರೆ ಬೇರೆ ಕಡೆಯಿಂದ ಸಗಟಾಗಿ ತಂದ ಮಾಹಿತಿಯನ್ನು ಹೆಸರಿನ ಮೇಲೆ ಹೊಂದಿಸಿ ಮಾರುತ್ತವೆ. ಕೇಸು ಆಮೇಲೆ ರಾಜಿಯಾಯಿತೇ, ತೀರ್ಪಿನ ಹಣ ಸಂದಾಯವಾಯಿತೇ ಎಂಬುದು ಅಲ್ಲಿ ಬಹುಪಾಲು ಸಿಗುವುದಿಲ್ಲ. ಒಂದೇ ಹೆಸರಿನ ಇಬ್ಬರ ಚರಿತ್ರೆ ಒಂದೇ ಪುಟದಲ್ಲಿ ಕಲಸಿಹೋಗಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೆಲಸಕ್ಕೆ ತೆಗೆದುಕೊಳ್ಳಲು, ಮನೆ ಬಾಡಿಗೆಗೆ ಕೊಡಲು ಈ ಮಾಹಿತಿ ಬಳಸಬೇಡಿ ಎಂದು ಅವೇ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿರುತ್ತವೆ. ಕೋರ್ಟಿನ ಅಧಿಕೃತ ತಾಣದ ವಿಳಾಸ ಸಾಮಾನ್ಯವಾಗಿ ‘ಸಿಎ ಡಾಟ್ ಗವ್’ ಎಂದು ಮುಗಿಯುತ್ತದೆ. ಹುಡುಕಾಟದಲ್ಲಿ ಮೊದಲು ಬರುವ ನಾಲ್ಕೈದು ಕೊಂಡಿಗಳು ಜಾಹೀರಾತಾಗಿರಬಹುದು, ಒತ್ತುವ ಮೊದಲು ವಿಳಾಸದ ಬಾಲ ನೋಡಿ.

ಈಗ ಕಾಂಟ್ರ್ಯಾಕ್ಟರ್ ವಿಷಯಕ್ಕೆ ಬರೋಣ. ಎಲ್ಲರೂ ನೇರವಾಗಿ ಕೋರ್ಟಿನ ಪೋರ್ಟಲ್‌ಗೆ ಹೋಗಿ ಹೆಸರು ಟೈಪ್ ಮಾಡುತ್ತಾರೆ, ಏನೂ ಸಿಗದಿದ್ದರೆ ‘ಕೇಸಿಲ್ಲ’ ಎಂದುಕೊಳ್ಳುತ್ತಾರೆ. ಅದಕ್ಕೂ ಮೊದಲು ಅವರ ಹೆಸರುಗಳನ್ನೆಲ್ಲ ಕಲೆಹಾಕಬೇಕು. ಅವು ಸಿಗುವುದು ರಾಜ್ಯದ ಕಾಂಟ್ರ್ಯಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್‌ನ ತಾಣದಲ್ಲಿ. ಅವರ ಕಾರ್ಡು ಅಥವಾ ಅಂದಾಜುಪಟ್ಟಿಯ ಮೇಲೆ ಲೈಸೆನ್ಸ್ ನಂಬರ್ ಇರಲೇಬೇಕು. ಅದನ್ನು ಅಲ್ಲಿ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ನಷ್ಟಕ್ಕೆ ಖಾತರಿಯಾಗಿ ಬಾಂಡ್ ಇದೆಯೇ, ಕೆಲಸಗಾರರಿಗೆ ವಿಮೆ ಇದೆಯೇ ಎಂಬುದರ ಜೊತೆಗೆ ಆ ಲೈಸೆನ್ಸಿನ ಹಿಂದೆ ಇರುವ ವ್ಯಕ್ತಿಗಳ ಹೆಸರೂ ಕಾಣುತ್ತದೆ. ಇದನ್ನು ಒಂದು ಕಡೆ ಬರೆದುಕೊಳ್ಳಿ. ಕೇಸು ಮಾಲೀಕರ ಹೆಸರಿನಲ್ಲಿರಬಹುದು, ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿಯ ಹೆಸರಿನಲ್ಲಿರಬಹುದು, ಅಂಗಡಿ ಬೋರ್ಡಿನ ಮೇಲಿರುವ ವ್ಯಾಪಾರದ ಹೆಸರಿನಲ್ಲೂ ಇರಬಹುದು. ನೆರೆಯವರು ಕೇಳಿದ್ದ ಕೇಸು ಹಳೆಯ ಕಂಪನಿಯ ಹೆಸರಿನಲ್ಲಿದ್ದರೆ ಹೊಸ ಹೆಸರು ಹಾಕಿ ಎಷ್ಟು ಹುಡುಕಿದರೂ ಸಿಗದು.

ಆಮೇಲೆ ಯಾವ ಕೋರ್ಟು ಎಂಬ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ, ಕೌಂಟಿಗೊಂದು ಸುಪೀರಿಯರ್ ಕೋರ್ಟ್ ಇದೆ. ಎಲ್ಲ 58 ಕೋರ್ಟುಗಳನ್ನು ಒಟ್ಟಿಗೆ ಹುಡುಕುವ ಒಂದೇ ಕಿಂಡಿ ಇಲ್ಲ. ಸಾಂಟಾ ಕ್ಲಾರಾ ಕೌಂಟಿಯ ಪೋರ್ಟಲ್‌ನಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಕೇಸು ಮಾತ್ರ ಸಿಗುತ್ತದೆ. ನಿಮ್ಮ ಕಾಂಟ್ರ್ಯಾಕ್ಟರ್ ಫ್ರೀಮಾಂಟ್‌ನವರಾದರೆ ಅದು ಆಲಮೇಡಾ ಕೌಂಟಿ, ರೆಡ್‌ವುಡ್ ಸಿಟಿಯಲ್ಲಿ ಕೆಲಸ ಮಾಡಿದ್ದರೆ ಸ್ಯಾನ್ ಮಟೇಯೊ ಕೌಂಟಿ. ಬೇ ಏರಿಯಾದಲ್ಲಿ ಈ ಕೌಂಟಿ ಗಡಿಗಳನ್ನು ಕಾರಿನಲ್ಲಿ ದಾಟುವಾಗ ಗೊತ್ತೇ ಆಗುವುದಿಲ್ಲ, ದಾಖಲೆ ಹುಡುಕುವಾಗ ಮಾತ್ರ ದೊಡ್ಡ ಗೋಡೆಯಾಗುತ್ತವೆ. ಹಾಗಾಗಿ ಕನಿಷ್ಠ ಈ ಮೂರು ಕೌಂಟಿಗಳಲ್ಲಿ ನೋಡಿ. ದಿವಾಳಿ ಅರ್ಜಿ ಮಾತ್ರ ಯಾವ ಕೌಂಟಿ ಕೋರ್ಟಿನಲ್ಲೂ ಇರುವುದಿಲ್ಲ, ಅದು ಫೆಡರಲ್ ಕೋರ್ಟಿನ ವಿಷಯ. ಅದಕ್ಕೆ ಪೇಸರ್ ಎಂಬ ಬೇರೆ ವ್ಯವಸ್ಥೆ ಇದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳ ಅವಧಿಯಲ್ಲಿ ಒಟ್ಟು 30 ಡಾಲರ್ ಮೀರದಿದ್ದರೆ ಆ ಹಣವನ್ನೂ ಕೇಳುವುದಿಲ್ಲ. ಮುಂಗಡ ಕೊಡುವ ಮೊದಲು ಅಲ್ಲೂ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು. ಅರ್ಧ ಕೆಲಸದಲ್ಲಿ ಕಾಂಟ್ರ್ಯಾಕ್ಟರ್ ದಿವಾಳಿಯಾದರೆ ನೀವು ಹಣ ಬರಬೇಕಾದವರ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗಬಹುದು.

ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸಿವಿಲ್ ಕೇಸುಗಳ ಮುಖ್ಯ ಕಟ್ಟಡ ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿರುವ ಡೌನ್‌ಟೌನ್ ಸುಪೀರಿಯರ್ ಕೋರ್ಟ್. ಅದೇ ರಸ್ತೆಯಲ್ಲಿ, ಪಕ್ಕದಲ್ಲೇ ಕೌಟುಂಬಿಕ ಕೇಸುಗಳ ಫ್ಯಾಮಿಲಿ ಜಸ್ಟಿಸ್ ಸೆಂಟರ್ ಇದೆ. ಕ್ರಿಮಿನಲ್ ಕೇಸುಗಳಿಗೆ ವೆಸ್ಟ್ ಹೆಡಿಂಗ್ ಸ್ಟ್ರೀಟ್‌ನ ಹಾಲ್ ಆಫ್ ಜಸ್ಟಿಸ್. ಸಿವಿಲ್ ಕೇಸಾದರೆ ಮೊದಲು ಮನೆಯಲ್ಲೇ ಕುಳಿತು ಕೋರ್ಟಿನ ಪೋರ್ಟಲ್ ತೆರೆಯಿರಿ. ಕೇಸು ಸಿಕ್ಕಿತೆಂದರೆ ಮೊದಲು ಮಾಡಬೇಕಾದ್ದು ಅದರ ನಂಬರನ್ನು ಅಕ್ಷರ ಬಿಡದೆ ಬರೆದುಕೊಳ್ಳುವುದು. ಇತ್ತೀಚಿನ ವರ್ಷಗಳ ಸಿವಿಲ್ ನಂಬರಿನಲ್ಲಿ ಮೊದಲೆರಡು ಅಂಕಿ ವರ್ಷ, ಆಮೇಲೆ ‘ಸಿವಿ’ ಎಂಬ ಅಕ್ಷರಗಳು, ಆಮೇಲೆ ಆರು ಅಂಕಿ. ಕೌಟುಂಬಿಕ ಕೇಸಿಗೆ ‘ಎಫ್‌ಎಲ್’, ಉಯಿಲು ಮತ್ತು ಆಸ್ತಿ ವಾರಸಿಕೆಗೆ ‘ಪಿಆರ್’. ಈ ನಂಬರ್ ಕೈಯಲ್ಲಿದ್ದರೆ ಕೌಂಟರಿನಲ್ಲಿ ಎರಡು ನಿಮಿಷದ ಕೆಲಸ. ಬರೀ ಹೆಸರು ಹೇಳಿದರೆ ಅವರೂ ಹುಡುಕಬೇಕು, 10 ನಿಮಿಷ ಮೀರಿದರೆ ಹುಡುಕಾಟಕ್ಕೇ 15 ಡಾಲರ್ ಶುಲ್ಕ.

ಪೋರ್ಟಲ್‌ನಲ್ಲಿ ಕಾಣುವುದು ಕೇಸಿನ ದಿನಚರಿ, ರಿಜಿಸ್ಟರ್ ಆಫ್ ಆ್ಯಕ್ಷನ್ಸ್ ಅನ್ನುತ್ತಾರೆ. ನಮ್ಮ ಕೋರ್ಟುಗಳ ಆರ್ಡರ್ ಶೀಟ್ ನೋಡಿದವರಿಗೆ ಅದು ತಕ್ಷಣ ಅರ್ಥವಾಗುತ್ತದೆ: ಯಾವ ದಿನ ಯಾರು ಏನು ಸಲ್ಲಿಸಿದರು, ಯಾವ ದಿನ ಏನು ನಡೆಯಿತು ಎಂಬ ಸಾಲುಗಳು. ಇಲ್ಲಿ ನಿಧಾನವಾಗಿ ಓದಬೇಕು. ಮೊದಲ ಸಾಲು ‘ಕಂಪ್ಲೇಂಟ್’ ಎಂದಿರುತ್ತದೆ. ಅದು ವಾದಿಯ ಕಡೆಯ ಮಾತು ಅಷ್ಟೇ. ಅದರಲ್ಲಿ ‘ಮೋಸ’, ‘ವಂಚನೆ’ ಎಂದು ಬರೆದಿದ್ದ ಮಾತ್ರಕ್ಕೆ ಕೋರ್ಟು ಹಾಗೆ ಹೇಳಿದೆ ಎಂದಲ್ಲ. ಇಲ್ಲಿನ ವಕೀಲರು ಯಾವ ಆಧಾರವನ್ನೂ ಬಿಟ್ಟುಕೊಡಬಾರದೆಂದು ಎಲ್ಲ ಆರೋಪಗಳನ್ನೂ ಒಟ್ಟಿಗೆ ಹಾಕುತ್ತಾರೆ. ‘ಆನ್ಸರ್’ (ಪ್ರತಿವಾದಿಯ ಉತ್ತರ), ‘ಕ್ರಾಸ್-ಕಂಪ್ಲೇಂಟ್’ (ಪ್ರತಿವಾದಿ ತಿರುಗಿ ಹೂಡಿದ ದಾವೆ) ಇದ್ದರೆ ಅವನ್ನೂ ತೆರೆದು ಓದಿ. ಮನೆಯವರೇ ಕೊನೆಯ ಕಂತು ಕೊಡದೆ ಉಳಿಸಿಕೊಂಡಿದ್ದರು ಎಂಬ ಕಥೆ ಅಲ್ಲಿ ಸಿಗಬಹುದು. ಕೊನೆಯ ಸಾಲುಗಳಲ್ಲಿ ‘ರಿಕ್ವೆಸ್ಟ್ ಫಾರ್ ಡಿಸ್‌ಮಿಸಲ್’ ಇದ್ದರೆ ಬಹುಶಃ ಹೊರಗೆ ರಾಜಿಯಾಗಿದೆ. ‘ವಿತ್ ಪ್ರೆಜುಡಿಸ್’ ಎಂದಿದ್ದರೆ ಅದೇ ಕಾರಣಕ್ಕೆ ಮತ್ತೆ ದಾವೆ ಹೂಡುವಂತಿಲ್ಲ, ‘ವಿದೌಟ್ ಪ್ರೆಜುಡಿಸ್’ ಆದರೆ ಹೂಡಬಹುದು. ‘ಡಿಫಾಲ್ಟ್ ಜಡ್ಜ್‌ಮೆಂಟ್’ ಕಂಡರೆ ನಾನು ಹುಷಾರಾಗುತ್ತೇನೆ: ಸಮನ್ಸ್ ತಲುಪಿದರೂ ಆ ಮನುಷ್ಯ ಉತ್ತರ ಕೊಡಲಿಲ್ಲ ಎಂದರ್ಥ. ತೀರ್ಪು ವಿರುದ್ಧವಾಗಿ ಬಂದು, ‘ಸ್ಯಾಟಿಸ್‌ಫ್ಯಾಕ್ಷನ್ ಆಫ್ ಜಡ್ಜ್‌ಮೆಂಟ್’ ಎಂಬ ಸಾಲು ಎಲ್ಲೂ ಕಾಣದಿದ್ದರೆ ಹಣ ಇನ್ನೂ ಸಂದಾಯವಾಗಿಲ್ಲದಿರಬಹುದು. ಇಂಥ ತೀರ್ಪು ಇಲ್ಲಿ 10 ವರ್ಷ ಜಾರಿಯಲ್ಲಿರುತ್ತದೆ, ನವೀಕರಿಸಲೂ ಬರುತ್ತದೆ. ಕೇಸಿದ್ದದ್ದಕ್ಕಿಂತ ಕೇಸಿಗೆ ಆ ವ್ಯಕ್ತಿ ಹೇಗೆ ನಡೆದುಕೊಂಡರು ಎಂಬುದೇ ನಿಮಗೆ ಉಪಯೋಗದ ಮಾಹಿತಿ. ವರ್ಷಗಟ್ಟಲೆ ಮನೆ ಕಟ್ಟುವವರ ಮೇಲೆ ಒಂದೆರಡು ದಾವೆ ಇರುವುದು ಅಸಹಜವಲ್ಲ.

ಸ್ಮಾಲ್ ಕ್ಲೇಮ್ಸ್ ಕೇಸುಗಳನ್ನು ಮರೆಯಬೇಡಿ. ವ್ಯಕ್ತಿಗಳು ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು, ವಿಚಾರಣೆಯಲ್ಲಿ ವಕೀಲರು ನಿಲ್ಲುವಂತಿಲ್ಲ. ಟೈಲ್ಸ್ ಕಿತ್ತುಬಂದದ್ದು, ನಲ್ಲಿ ಸೋರಿದ್ದು, ಮುಂಗಡ ತೆಗೆದುಕೊಂಡು ಬಾರದೇ ಹೋದದ್ದು ಇಂಥವೆಲ್ಲ ಹೋಗುವುದು ಅಲ್ಲಿಗೇ. ಅಲ್ಲಿ ದಾವೆ ಹೂಡುವ ನಮೂನೆ ಎಸ್‌ಸಿ-100. ಅದರಲ್ಲಿ ಏನಾಯಿತು ಎಂದು ಮನೆಯವರೇ ತಮ್ಮ ಮಾತಿನಲ್ಲಿ ಬರೆದಿರುತ್ತಾರೆ. ವಕೀಲರ ಇಪ್ಪತ್ತು ಪುಟಕ್ಕಿಂತ ಆ ನಾಲ್ಕು ಸಾಲು ನಿಮಗೆ ಹೆಚ್ಚು ಹೇಳುತ್ತದೆ.

ಕೋರ್ಟಲ್ಲದ ಇನ್ನೊಂದು ಜಾಗವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮನೆಯ ಕ್ರಯಪತ್ರ, ಬಾಕಿ ಹಣಕ್ಕಾಗಿ ಕಾಂಟ್ರ್ಯಾಕ್ಟರ್ ನಿಮ್ಮ ಮನೆಯ ಮೇಲೆ ಹಾಕುವ ಮೆಕ್ಯಾನಿಕ್ಸ್ ಲಿಯನ್ ಎಂಬ ಹೊರೆ, ತೀರ್ಪಿನ ಹಣಕ್ಕಾಗಿ ಆಸ್ತಿಯ ಮೇಲೆ ಬೀಳುವ ಹೊರೆ ಇವೆಲ್ಲ ದಾಖಲಾಗುವುದು ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿಯಲ್ಲಿ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸ ಅದು. ಕೋರ್ಟಿನ ಪೋರ್ಟಲ್‌ನಲ್ಲಿ ಅವು ಬರುವುದಿಲ್ಲ.

ಎಲ್ಲವೂ ಮನೆಯಿಂದಲೇ ಕಾಣುತ್ತದೆಂದು ತಿಳಿಯಬೇಡಿ. ಕ್ರಿಮಿನಲ್, ಕೌಟುಂಬಿಕ, ಗಾರ್ಡಿಯನ್‌ಶಿಪ್, ಕಿರುಕುಳ ತಡೆ ಆದೇಶ ಇಂಥ ಕೇಸುಗಳ ಒಳಗಿನ ಕಾಗದಗಳನ್ನು ಇಂಟರ್ನೆಟ್‌ನಲ್ಲಿ ಸಾರ್ವಜನಿಕರಿಗೆ ತೆರೆಯಬಾರದೆಂದು ರಾಜ್ಯದ ಕೋರ್ಟು ನಿಯಮವೇ ಇದೆ. ಕಡತ ಸಾರ್ವಜನಿಕವೇ, ಆದರೆ ಕೋರ್ಟಿಗೆ ಹೋಗಿ ನೋಡಬೇಕು. ಈ ವ್ಯತ್ಯಾಸ ನನಗೆ ಸರಿಯೆನಿಸುತ್ತದೆ. ಗಂಡ ಹೆಂಡತಿ ಜಗಳದಲ್ಲಿ ಬರೆದುಕೊಂಡ ಮಾತುಗಳು ಸಹೋದ್ಯೋಗಿಯ ಮೊಬೈಲಿನಲ್ಲಿ ಒಂದು ಬೆರಳಿನ ದೂರದಲ್ಲಿರಬಾರದು. ಬಾಲಾಪರಾಧಿಗಳ ಕಡತವಂತೂ ಕೋರ್ಟಿನಲ್ಲೂ ಹೊರಗಿನವರಿಗೆ ಸಿಗುವುದಿಲ್ಲ. ಬಾಡಿಗೆದಾರರನ್ನು ಖಾಲಿ ಮಾಡಿಸುವ ಕೇಸುಗಳಿಗೂ ವಿಶೇಷ ರಕ್ಷಣೆಯಿದೆ: ದಾವೆ ಹೂಡಿ 60 ದಿನದೊಳಗೆ ಮನೆ ಮಾಲೀಕರು ಗೆದ್ದಿದ್ದರೆ ಹೊರತು ಕಡತ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. 2016ರಲ್ಲಿ ಆದ ತಿದ್ದುಪಡಿ ಅದು. ಒಮ್ಮೆ ನೋಟಿಸ್ ಬಂದದ್ದಕ್ಕೇ ಮುಂದೆ ಎಲ್ಲೂ ಮನೆ ಸಿಗದಂತಾಗುತ್ತಿದ್ದ ಜನರಿಗೆ ಅದರಿಂದ ನಿಜಕ್ಕೂ ಉಪಕಾರವಾಗಿದೆ.

ಈಗ ನಿಮ್ಮ ಭಾವನ ಕೇಸು. ಇದಕ್ಕೆ ಹೆಚ್ಚು ಗಮನ ಕೊಡಿ, ಅಡುಗೆಮನೆ ಕಾಯುತ್ತದೆ.

ಮೊದಲ ತೊಡಕು ಹೆಸರಿನದು. ಕ್ಯಾಲಿಫೋರ್ನಿಯಾ ಕೋರ್ಟುಗಳಲ್ಲಿ ಸಾರ್ವಜನಿಕರು ಜನ್ಮದಿನಾಂಕ ಹಾಕಿ ಹುಡುಕುವಂತಿಲ್ಲ. ರಿವರ್‌ಸೈಡ್ ಕೌಂಟಿಯ ಕೋರ್ಟು ಅದಕ್ಕೆ ಅವಕಾಶ ಕೊಟ್ಟಿತ್ತು, 2021ರಲ್ಲಿ ಮೇಲ್ಮನವಿ ಕೋರ್ಟು ಅದು ನಿಯಮಕ್ಕೆ ವಿರುದ್ಧ ಎಂದಿತು. ಅಂದಮೇಲೆ ಉಳಿಯುವುದು ಹೆಸರೊಂದೇ, ಕನ್ನಡಿಗರ ಹೆಸರು ಅಮೆರಿಕದ ಫಾರಂಗಳಲ್ಲಿ ಕೂರುವುದೇ ಇಲ್ಲ. ಊರು, ತಂದೆಯ ಹೆಸರು, ತನ್ನ ಹೆಸರು ಹೀಗೆ ಮೂರು ಭಾಗವಿರುವವರ ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿರುತ್ತದೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ತಂದೆಯ ಹೆಸರು ಕೊನೆಗೆ ಬಂದಿರುತ್ತದೆ. ಒಂದೇ ಹೆಸರಿರುವವರ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕೂತಿರುತ್ತದೆ. ಪೊಲೀಸರು ಅಂದು ರಾತ್ರಿ ಯಾವ ಗುರುತಿನ ಚೀಟಿ ನೋಡಿ ಬರೆದುಕೊಂಡರೋ ಕೋರ್ಟಿನಲ್ಲಿ ಅದೇ ಉಳಿದಿರುತ್ತದೆ. ಇಂಗ್ಲಿಷ್ ಕಾಗುಣಿತವೂ ಹಾಗೆಯೇ. ಗೌಡ ಎಂಬುದನ್ನು ‘ಓಯು’ ಹಾಕಿ ಬರೆಯುವವರಿದ್ದಾರೆ, ‘ಓಡಬ್ಲ್ಯು’ ಹಾಕುವವರಿದ್ದಾರೆ. ಮೂರ್ತಿಯ ಕೊನೆಗೆ ‘ಐ’ ಇರಬಹುದು, ‘ವೈ’ ಇರಬಹುದು, ನಡುವೆ ‘ಎಚ್’ ಇರಲೂಬಹುದು, ಇಲ್ಲದಿರಲೂಬಹುದು. ಹಾಗಾಗಿ ಭಾವನ ಹೆಸರಿನ ಭಾಗಗಳನ್ನು ಹಿಂದೆಮುಂದೆ ಮಾಡಿ, ಇನಿಷಿಯಲ್ ಬಿಟ್ಟು, ಇಟ್ಟು, ಕಾಗುಣಿತ ಬದಲಿಸಿ ಪಟ್ಟಿ ಮಾಡಿಕೊಂಡು ಹೋಗಲಿ. 2013ರಲ್ಲಿ ಚಾಲ್ತಿಯಲ್ಲಿದ್ದ ಲೈಸೆನ್ಸ್, ಹಳೆಯ ಪಾಸ್‌ಪೋರ್ಟ್ ಇದ್ದರೆ ಜೊತೆಗಿರಲಿ. ಅವರೇ ಕಕ್ಷಿದಾರರಾದ್ದರಿಂದ ಗುರುತು ತೋರಿಸಿ ಕ್ಲರ್ಕ್‌ ಸಹಾಯ ಪಡೆಯಬಹುದು. ಅಂದಿನ ವಕೀಲರ ಕಚೇರಿಗೆ ಒಂದು ಇಮೇಲ್ ಹಾಕುವುದು ಇನ್ನೂ ಸುಲಭದ ದಾರಿ, ಕೇಸ್ ನಂಬರ್ ಅವರಲ್ಲಿ ಉಳಿದಿರುವ ಸಂಭವ ಹೆಚ್ಚು.

ಎರಡನೆಯದು ಕಾಲ. ಕೋರ್ಟು ಕಡತಗಳನ್ನು ಶಾಶ್ವತವಾಗಿ ಇಡುವುದಿಲ್ಲ. ಮಿಸ್‌ಡಿಮೀನರ್ ಎನ್ನುವ ಸಣ್ಣ ಅಪರಾಧಗಳ ಕಡತವನ್ನು ಸಾಮಾನ್ಯವಾಗಿ 5 ವರ್ಷದ ಮೇಲೆ ನಾಶ ಮಾಡಲು ಕಾನೂನು ಅವಕಾಶ ಕೊಡುತ್ತದೆ, ಕುಡಿದು ವಾಹನ ಓಡಿಸಿದ ಕೇಸಾದರೆ 10 ವರ್ಷ. 2013ರ ಕಡತ ಇಲ್ಲದೆಯೂ ಹೋಗಿರಬಹುದು. ಗಾಬರಿ ಬೇಡ. ಕಾಗದ ಹೋದರೂ ಕಂಪ್ಯೂಟರಿನಲ್ಲಿ ಕೇಸಿನ ಸಾಲುಗಳು ಉಳಿದಿದ್ದರೆ ಅದನ್ನೇ ಮುದ್ರಿಸಿ ದೃಢೀಕರಿಸಿ ಕೊಡುತ್ತಾರೆ. ಅದೂ ಇಲ್ಲದಿದ್ದರೆ ‘ದಾಖಲೆ ಲಭ್ಯವಿಲ್ಲ’ ಎಂದು ಕೋರ್ಟಿನ ಮೊಹರಿರುವ ಪತ್ರ ಕೇಳಿ ಪಡೆಯಿರಿ. ಜೊತೆಗೆ ರಾಜ್ಯದ ನ್ಯಾಯ ಇಲಾಖೆಗೆ ಬೆರಳಚ್ಚು ಕೊಟ್ಟು ತಮ್ಮದೇ ದಾಖಲೆಯನ್ನು ತರಿಸಿಕೊಳ್ಳಬಹುದು. ಲೈವ್ ಸ್ಕ್ಯಾನ್ ಎಂದು ಬೋರ್ಡ್ ಹಾಕಿರುವ ಅಂಗಡಿಗಳಲ್ಲಿ ಬೆರಳಚ್ಚು ತೆಗೆಯುತ್ತಾರೆ. ಅಂದು ಬಂಧಿಸಿ ಬೆರಳಚ್ಚು ತೆಗೆದಿದ್ದರೆ ವಲಸೆ ಇಲಾಖೆಯ ಅಧಿಕಾರಿಯ ಮುಂದಿರುವ ಪರದೆಯಲ್ಲಿ ಆ ಬಂಧನ ಕಾಣುವ ಸಂಭವ ಹೆಚ್ಚು. ‘ಕಡತವೇ ಇಲ್ಲವಲ್ಲ, ಹೇಳುವುದೇಕೆ’ ಎಂದು ಪೌರತ್ವದ ಎನ್-400 ಅರ್ಜಿಯಲ್ಲಿ ಮುಚ್ಚಿಟ್ಟರೆ ಹಳೆಯ ಸಣ್ಣ ಕೇಸಿಗಿಂತ ಆ ಸುಳ್ಳೇ ದೊಡ್ಡ ಅಪಾಯ. ಕೇಸನ್ನು ಆಮೇಲೆ ಸೀಲ್ ಮಾಡಿಸಿದ್ದರೂ, ಎಕ್ಸ್‌ಪಂಜ್ (ಹಳೆಯ ತೀರ್ಪನ್ನು ರದ್ದುಮಾಡುವುದು) ಆಗಿದ್ದರೂ ಹೇಳಲೇಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ‘ವಜಾ ಆಯಿತು’ ಎಂಬುದು ಸಾಲದು, ಹೇಗೆ ವಜಾ ಆಯಿತು ಎಂಬ ಕಾಗದ ಬೇಕು. ವಲಸೆ ಕಾನೂನಿನ ಲೆಕ್ಕ ಬೇರೆ. ತಪ್ಪೊಪ್ಪಿಕೊಂಡು, ನ್ಯಾಯಾಧೀಶರು ಏನಾದರೂ ಶಿಕ್ಷೆ ಅಥವಾ ಷರತ್ತು ವಿಧಿಸಿ, ಅದನ್ನು ಪೂರೈಸಿದ ಮೇಲೆ ಕೇಸು ವಜಾ ಆಗಿದ್ದರೆ ರಾಜ್ಯದ ಕಣ್ಣಿಗೆ ಅದು ಮುಗಿದ ಕೇಸು, ವಲಸೆ ಇಲಾಖೆಯ ಕಣ್ಣಿಗೆ ಅಪರಾಧ ಸಾಬೀತಾದ ಹಾಗೆಯೇ. 2018ರ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಮಾದಕವಸ್ತು ಕೇಸುಗಳ ಡೈವರ್ಷನ್ (ಶಿಕ್ಷೆಯ ಬದಲು ತರಗತಿಗೆ ಕಳಿಸುವ ವ್ಯವಸ್ಥೆ) ಹೀಗೇ ನಡೆಯುತ್ತಿತ್ತು: ಮೊದಲು ತಪ್ಪೊಪ್ಪಿಗೆ, ಆಮೇಲೆ ತರಗತಿ, ಆಮೇಲೆ ವಜಾ. ಆದ್ದರಿಂದ ಕೌಂಟರಿನಲ್ಲಿ ‘ಸರ್ಟಿಫೈಡ್ ಡಿಸ್ಪೊಸಿಷನ್’ (ಕೇಸಿನ ಕೊನೆಯ ಫಲಿತಾಂಶದ ದೃಢೀಕೃತ ಕಾಗದ) ಒಂದನ್ನೇ ಕೇಳಿ ಬರಬೇಡಿ. ದೋಷಾರೋಪಣೆಯ ಕಾಗದ, ಪ್ಲೀ (ತಪ್ಪೊಪ್ಪಿದರೋ ಇಲ್ಲವೋ ಎಂಬ ಹೇಳಿಕೆ) ದಾಖಲಾದ ದಿನದ ಮಿನಿಟ್ ಆರ್ಡರ್ (ಆ ದಿನದ ಕಲಾಪದ ಟಿಪ್ಪಣಿ), ವಜಾ ಮಾಡಿದ ಆದೇಶ, ಮೂರನ್ನೂ ತೆಗೆಸಿ. ಇವು ಕೈಗೆ ಬಂದ ಮೇಲೆ ವಲಸೆ ವಕೀಲರಿಗೆ ತೋರಿಸಿ, ಅರ್ಜಿ ಹಾಕುವುದು ಆಮೇಲೆ. ಇಡೀ ವಿಷಯದಲ್ಲಿ ವಕೀಲರಿಗೆ ದುಡ್ಡು ಕೊಡಲೇಬೇಕು ಎಂದು ನಾನು ಹೇಳುವ ಜಾಗ ಇದೊಂದೇ. ಕೇಸು ಬರೀ ಟ್ರಾಫಿಕ್ ದಂಡವಾಗಿದ್ದು 500 ಡಾಲರ್‌ಗಿಂತ ಕಡಿಮೆ ಇದ್ದರೆ, ಮದ್ಯ ಅಥವಾ ಮಾದಕವಸ್ತು ಇಲ್ಲದಿದ್ದರೆ, ಬಂಧನವೂ ಆಗಿರದಿದ್ದರೆ, ಕೋರ್ಟು ಕಾಗದ ಲಗತ್ತಿಸಬೇಕಾಗಿಲ್ಲ.

ಖರ್ಚಿನ ಲೆಕ್ಕ: ಸಾದಾ ನಕಲಿಗೆ ಪುಟಕ್ಕೆ 50 ಸೆಂಟ್, ದೃಢೀಕರಣಕ್ಕೆ ಒಂದು ದಾಖಲೆಗೆ 40 ಡಾಲರ್. ವಿಚ್ಛೇದನದ ತೀರ್ಪಿನ ದೃಢೀಕೃತ ನಕಲಿಗೆ ಮಾತ್ರ 15 ಡಾಲರ್. ಶುಲ್ಕ ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಕೋರ್ಟಿನ ತಾಣದಲ್ಲಿರುವ ಪಟ್ಟಿ ನೋಡಿಕೊಳ್ಳಿ. ಕಾಂಟ್ರ್ಯಾಕ್ಟರ್ ಕೇಸಿಗೆ ನಿಮಗೆ ಸಾದಾ ನಕಲು ಸಾಕು, ದೃಢೀಕರಣಕ್ಕೆ ದುಡ್ಡು ಹಾಕಬೇಡಿ. ಕೋರ್ಟಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟಿರುವ ಕಂಪ್ಯೂಟರಿನಲ್ಲಿ ಓದಿಕೊಂಡು ಬರುವುದಕ್ಕೆ ಶುಲ್ಕವೇ ಇಲ್ಲ. ಭಾವನಿಗೆ ಮಾತ್ರ ದೃಢೀಕೃತ ನಕಲೇ ಬೇಕು, ಎರಡು ಪ್ರತಿ ತೆಗೆಸಲಿ, ಒಂದು ಅರ್ಜಿಗೆ, ಒಂದು ಮನೆಯಲ್ಲಿ. ಮೊಹರು ಒತ್ತಿದ ಕಾಗದಗಳ ಪಿನ್ ಕಿತ್ತು ಸ್ಕ್ಯಾನ್ ಮಾಡಬೇಡಿ. ಪಿನ್ ಬಿಚ್ಚಿದ ನಕಲನ್ನು ಕೆಲವು ಕಚೇರಿಗಳು ಒಪ್ಪುವುದಿಲ್ಲ, ಮತ್ತೆ 40 ಡಾಲರ್ ಕೊಡಬೇಕಾಗುತ್ತದೆ.

ಈ ಕೋರ್ಟಿನ ಯಾವುದಾದರೂ ಆದೇಶವನ್ನು ಊರಿನಲ್ಲಿ, ಬೆಂಗಳೂರಿನ ಕೋರ್ಟಿನಲ್ಲೋ ಬ್ಯಾಂಕಿನಲ್ಲೋ ತೋರಿಸಬೇಕಾಗಿ ಬಂದರೆ ದೃಢೀಕೃತ ನಕಲಿನ ಮೇಲೆ ಅಪೊಸ್ಟಿಲ್ (ಬೇರೆ ದೇಶಗಳೂ ಒಪ್ಪುವ ದೃಢೀಕರಣ) ಹಾಕಿಸಬೇಕು. ಅದನ್ನು ಕೊಡುವುದು ಸ್ಯಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಅಂಚೆಯಲ್ಲೂ ಕಳಿಸಬಹುದು. ಅಪೊಸ್ಟಿಲನ್ನು ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇರುವುದರಿಂದ ಕಾನ್ಸುಲೇಟಿಗೆ ಬೇರೆಯಾಗಿ ಅಲೆಯಬೇಕಾಗಿಲ್ಲ. ಕೌಂಟರಿನಲ್ಲಿ ನಕಲು ಕೇಳುವಾಗಲೇ ‘ಅಪೊಸ್ಟಿಲ್‌ಗೆ ಬೇಕು’ ಎಂದು ಹೇಳಿ. ರಾಜ್ಯದವರು ಪರಿಶೀಲಿಸುವುದು ಕ್ಲರ್ಕ್ ಸಹಿಯನ್ನು, ಆ ಸಹಿ ಮತ್ತು ಹೆಸರು ಓದಲು ಬರುವಂತಿರಬೇಕು.